ಓಡಿದರೆ ಮನಸ್ಸಿಗೆ ಏನಾಗುತ್ತದೆ? ಮನೋವೈದ್ಯರಿಗೆ ನಿಮ್ಮ ಪ್ರಶ್ನೆಗಳು

ಓಟ ಮತ್ತು ಮನಸ್ಸಿನ ಬಗ್ಗೆ ಈ ವಾರ ಗುಂಪಿಗೆ ಬಂದ ಪ್ರಶ್ನೆಗಳಿಗೆ ನಮ್ಮ ಗುಂಪಿನ ಮನೋವೈದ್ಯರು ಉತ್ತರ ಕೊಟ್ಟಿದ್ದಾರೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ಕುಂಜಿಬೆಟ್ಟು, ಉಡುಪಿ): ಡಾಕ್ಟ್ರೇ, ನನಗೆ 38 ವರ್ಷ. ಬ್ಯಾಂಕಿನಲ್ಲಿ ಕೆಲಸ. ಸುಮ್ನೆ ಕೂತಿದ್ದಾಗಲೂ ಎದೆ ಡಬಡಬ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಈಗ ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲಾ ಮಾಡಿಸಿದೆ. ಏನೂ ಇಲ್ಲ, ಇದು ಪ್ಯಾನಿಕ್ ಅಂದರು. ಮಾತ್ರೆ ನಡೀತಾ ಉಂಟು. ಗೆಳೆಯರು ಬೆಳಿಗ್ಗೆ ಅಜ್ಜರಕಾಡು ಮೈದಾನಕ್ಕೆ ಓಡಲು ಕರೆಯುತ್ತಿದ್ದಾರೆ. ಓಡಿದರೆ ಎದೆಬಡಿತ ಇನ್ನೂ ಜಾಸ್ತಿ ಆಗುವುದಿಲ್ವಾ? ಅದೇ ಹೆದರಿಕೆ.

ಉತ್ತರ: ಜಾಸ್ತಿ ಆಗುತ್ತದೆ. ನಿಮ್ಮ ತೊಂದರೆಗೆ ಓಟ ಕೆಲಸಕ್ಕೆ ಬರುವುದು ಅದರಿಂದಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ಯಾನಿಕ್ ಇರುವವರಿಗೆ ಬರ್ತಾ ಬರ್ತಾ ಎದೆಬಡಿತದ ಮೇಲೆಯೇ ಹೆದರಿಕೆ ಕೂತುಬಿಡುತ್ತದೆ. ಕಾಫಿ ಕುಡಿದದ್ದಕ್ಕೋ, ಮೆಟ್ಟಿಲು ಹತ್ತಿದ್ದಕ್ಕೋ ಬಡಿತ ಒಂಚೂರು ಏರುತ್ತದೆ. ಮನಸ್ಸು 'ಏನೋ ಆಗ್ತಾ ಇದೆ' ಅನ್ನುತ್ತದೆ. ಆ ಹೆದರಿಕೆಗೆ ಅಡ್ರಿನಾಲಿನ್ ಇನ್ನಷ್ಟು ಸುರಿಯುತ್ತದೆ, ಬಡಿತ ಇನ್ನೂ ಏರುತ್ತದೆ. ಕೆಲವೇ ನಿಮಿಷಗಳಲ್ಲಿ ಆಳು ಕುಸಿದು ಕೂರುತ್ತಾನೆ. ಆಮೇಲೆ ಬಡಿತ ಏರುವ ಕೆಲಸವನ್ನೇ ಬಿಡಲು ಶುರು ಮಾಡುತ್ತಾನೆ. ಮೆಟ್ಟಿಲು ಬೇಡ, ಲಿಫ್ಟ್ ಸಾಕು. ಪರ್ಯಾಯ ಉತ್ಸವಕ್ಕೆ ರಥಬೀದಿಗೆ ಹೋಗುವುದು ಬೇಡ, ಟಿವಿಯಲ್ಲಿ ನೋಡಿದರಾಯ್ತು. ಹೀಗೆ ಬಿಟ್ಟಷ್ಟೂ ಹೆದರಿಕೆ ಗಟ್ಟಿಯಾಗುತ್ತದೆ.

ಓಡುವಾಗಲೂ ಅದೇ ಎದೆಬಡಿತ, ಅದೇ ಬೆವರು, ಅದೇ ಏದುಸಿರು. ಆದರೆ ಅದನ್ನು ಶುರು ಮಾಡಿದ್ದು ನೀವು. ಕಾರಣ ನಿಮಗೆ ಗೊತ್ತು. ನಿಂತರೆ ನಿಧಾನಕ್ಕೆ ಇಳಿಯುತ್ತದೆ, ಅದನ್ನೂ ನೀವೇ ನೋಡುತ್ತೀರಿ. ಇದು ಮತ್ತೆ ಮತ್ತೆ ನಡೆದಾಗ 'ಬಡಿತ ಏರಿದರೆ ಸಾವು' ಅನ್ನುವ ನಂಟು ಸಡಿಲವಾಗುತ್ತದೆ. ಮಾತಿನಲ್ಲಿ ಎಷ್ಟು ಧೈರ್ಯ ಹೇಳಿದರೂ ಈ ಪಾಠ ಹತ್ತುವುದಿಲ್ಲ, ಮೈಯೇ ಕಲಿಯಬೇಕು. ಪ್ಯಾನಿಕ್ ಚಿಕಿತ್ಸೆಯಲ್ಲಿ ನಾವು ಬೇಕೆಂದೇ ನಿಂತಲ್ಲೇ ಓಡಿಸುವುದು, ಸ್ಟ್ರಾ ಬಾಯಲ್ಲಿಟ್ಟು ಉಸಿರಾಡಿಸುವುದು, ಕುರ್ಚಿಯಲ್ಲಿ ಕೂರಿಸಿ ತಿರುಗಿಸುವುದು ಎಲ್ಲಾ ಇದಕ್ಕೇ.

ಮೊದಲ ದಿನವೇ ಸುತ್ತು ಹೊಡೆಯಬೇಡಿ. ಒಂದು ವಾರ ಬಿರುಸಾಗಿ ನಡೆಯಿರಿ. ಆಮೇಲೆ 1 ನಿಮಿಷ ಓಡಿ, 2 ನಿಮಿಷ ನಡೆಯಿರಿ. ಹೀಗೆ 20 ನಿಮಿಷ, ವಾರಕ್ಕೆ 3 ದಿನ. ಮಧ್ಯದಲ್ಲಿ ಹೆದರಿಕೆ ಬಂದರೆ ಮನೆಗೆ ಓಡಿಹೋಗಬೇಡಿ. ಅಲ್ಲೇ ನಡೆಯುತ್ತಾ ಇರಿ, ಅದು ಇಳಿಯುವವರೆಗೆ. ಜೊತೆಗೆ ಬರುವ ಒಬ್ಬ ಗೆಳೆಯನಿಗಾದರೂ ವಿಷಯ ತಿಳಿದಿರಲಿ.

ಇದು ನಿಮ್ಮ ಪರೀಕ್ಷೆಗಳೆಲ್ಲ ಸರಿ ಇವೆ ಅನ್ನುವ ಆಧಾರದ ಮೇಲೆ ಹೇಳಿದ್ದು. ಓಡುವಾಗ ಎದೆ ಹಿಂಡಿದ ಹಾಗೆ ನೋವು, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಲೆ ಸುತ್ತಿ ಬೀಳುವುದು ಇದ್ದರೆ ಪ್ಯಾನಿಕ್ ಅಂತ ನೀವೇ ತೀರ್ಮಾನ ಮಾಡಬೇಡಿ, ತಕ್ಷಣ ನಿಂತು ಡಾಕ್ಟರನ್ನು ನೋಡಿ.

ಅದೇ ಸದಸ್ಯರು: ತುಂಬಾ ಧೈರ್ಯ ಬಂತು ಡಾಕ್ಟ್ರೇ. ಇನ್ನೊಂದು. ಪ್ರೊಪ್ರನಲಾಲ್ ಮಾತ್ರೆ ಕೊಟ್ಟಿದ್ದಾರೆ. ಕೈಗೆ ವಾಚ್ ಕಟ್ಟಿ ಬಡಿತ ನೋಡಿಕೊಂಡು ಓಡಬಹುದಾ?

ಉತ್ತರ: ಆ ಮಾತ್ರೆ ಬಡಿತವನ್ನು ಅಷ್ಟಾಗಿ ಏರಲು ಬಿಡುವುದಿಲ್ಲ. ವಾಚಿನಲ್ಲಿ ಕಡಿಮೆ ತೋರಿಸುತ್ತದೆ ಅಂತ ನೀವು ಜೋರಾಗಿ ಓಡಿಬಿಡುತ್ತೀರಿ. ಪ್ಯಾನಿಕ್ ಇರುವವರಿಗೆ ನಿಮಿಷಕ್ಕೊಮ್ಮೆ ಬಡಿತ ನೋಡುವ ಅಭ್ಯಾಸವೇ ಒಳ್ಳೆಯದಲ್ಲ. ವಾಚ್ ಮನೆಯಲ್ಲಿಡಿ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಪದ್ಯ ಹೇಳಲು ಆಗಬಾರದು. ಅಷ್ಟು ವೇಗ ಸಾಕು.

ಪ್ರಶ್ನೆ (ಬಿಜೈ, ಮಂಗಳೂರು): ಓಡಿದಾಗ ಮೈಯಲ್ಲಿ ಎಂಡಾರ್ಫಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ ಖುಷಿ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ಓಡಿದಾಗ ರಕ್ತದಲ್ಲಿ ಎಂಡಾರ್ಫಿನ್ ಏರುವುದು ಹೌದು. ಆದರೆ ಅದು ದೊಡ್ಡ ಅಣು, ರಕ್ತದಿಂದ ಮೆದುಳಿಗೆ ಸುಲಭವಾಗಿ ದಾಟುವುದಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 63 ಓಟಗಾರರ ಮೇಲೆ ಒಂದು ಪ್ರಯೋಗ ಮಾಡಿ 2021ರಲ್ಲಿ ಪ್ರಕಟಿಸಿದರು. ಎಂಡಾರ್ಫಿನ್ ಕೆಲಸ ಮಾಡದ ಹಾಗೆ ತಡೆಯುವ ನಾಲ್‌ಟ್ರೆಕ್ಸೋನ್ ಮಾತ್ರೆ ಕೊಟ್ಟು 45 ನಿಮಿಷ ಓಡಿಸಿದರು. ಆದರೂ ಅವರಿಗೆ ಆ ಖುಷಿ ಬಂತು, ಆತಂಕ ಇಳಿಯಿತು. ಹಾಗಾಗಿ ಈಗ ಜಾಸ್ತಿ ಒಲವು ಇರುವುದು ನಮ್ಮ ದೇಹವೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್ ಅನ್ನುವ ಬೇರೆ ರಾಸಾಯನಿಕಗಳ ಕಡೆ. ಅವು ಕೊಬ್ಬಿನಲ್ಲಿ ಕರಗುತ್ತವೆ, ಮೆದುಳಿಗೆ ಸಲೀಸಾಗಿ ಹೋಗುತ್ತವೆ.

ಆದರೆ ಒಂದು ಮಾತು. ಆ ತೇಲುವಂಥ ಖುಷಿ ಎಲ್ಲರಿಗೂ ಬರುವುದಿಲ್ಲ, ಬಂದವರಿಗೂ ಪ್ರತಿ ಸಲ ಬರುವುದಿಲ್ಲ. ಅದು ಬರಲಿಲ್ಲ ಅಂತ ಓಟ ಬಿಟ್ಟವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ನಿದ್ದೆ ಸರಿಯಾಗುವುದು, ಸಿಟ್ಟು ಸ್ವಲ್ಪ ತಡವಾಗಿ ಬರುವುದು, ಒಂದೇ ಯೋಚನೆ ತಲೆಯಲ್ಲಿ ಗಿರಗಿರ ತಿರುಗುವುದು ಕಡಿಮೆಯಾಗುವುದು, ಇವು ಸದ್ದಿಲ್ಲದೆ ಬರುತ್ತವೆ. ಎಷ್ಟೋ ಸಲ ಮೊದಲು ಗಮನಿಸುವುದು ಮನೆಯವರು.

ಪ್ರಶ್ನೆ (ಸುರತ್ಕಲ್): ಮೇಡಂ, ಯಜಮಾನರು ದುಬೈಯಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಎರಡು ಮಕ್ಕಳು. ಆರು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಮೊದಲು ಯಕ್ಷಗಾನ ಅಂದರೆ ಪ್ರಾಣ, ಈಗ ಮನೆ ಹತ್ತಿರ ಆಟ ಇದ್ದರೂ ಹೋಗುವುದಿಲ್ಲ. ಡಾಕ್ಟ್ರು ಖಿನ್ನತೆ ಅಂತ ಮಾತ್ರೆ ಬರೆದಿದ್ದಾರೆ. ಅಕ್ಕ ಫೋನ್ ಮಾಡಿ 'ಮಾತ್ರೆ ಎಲ್ಲ ಬೇಡ, ದಿನಾ ಓಡು, ಸರಿಯಾಗುತ್ತದೆ' ಅನ್ನುತ್ತಾಳೆ. ನನಗೆ ಹಾಸಿಗೆಯಿಂದ ಏಳುವುದೇ ಕಷ್ಟ, ಓಡುವುದು ಎಲ್ಲಿಂದ? ಊರವರು ಎಂತ ಹೇಳಿಯಾರು ಅಂತ ಬೇರೆ.

ಉತ್ತರ: ನಿಮ್ಮ ಅಕ್ಕನ ಪ್ರೀತಿ ಅರ್ಥವಾಗುತ್ತದೆ. ಆದರೆ ಮಾತ್ರೆ ಬಿಡಬೇಡಿ. ಮಾತ್ರೆ ಮತ್ತು ಓಟ ಎರಡೂ ಜೊತೆಯಲ್ಲಿ ನಡೆಯಬಹುದು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆ ಇದ್ದ, 50 ದಾಟಿದ 156 ಜನ. ಕೆಲವರಿಗೆ ಮಾತ್ರೆ, ಕೆಲವರಿಗೆ ವಾರಕ್ಕೆ 3 ದಿನ ಬಿರುಸು ನಡಿಗೆ ಅಥವಾ ಓಟ, ಉಳಿದವರಿಗೆ ಎರಡೂ. 16 ವಾರ ಆದ ಮೇಲೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದವು. ಆದರೆ ಶುರುವಿನಲ್ಲಿ ಬೇಗ ಫಲ ಕಂಡದ್ದು ಮಾತ್ರೆ ಮಾತ್ರ ತೆಗೆದುಕೊಂಡ ಗುಂಪಿಗೆ.

2023ರಲ್ಲಿ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್‌ನಿಂದ ಇನ್ನೊಂದು ಬಂತು. ಖಿನ್ನತೆ ಅಥವಾ ಆತಂಕ ಇದ್ದ 141 ಜನರಿಗೆ ಮಾತ್ರೆ ಬೇಕೋ ಓಟ ಬೇಕೋ ಅಂತ ಕೇಳಿದರು. ಹೆಚ್ಚಿನವರು ತಾವೇ ಆರಿಸಿಕೊಂಡರು, ಕೆಲವರಿಗೆ ಮಾತ್ರ ಚೀಟಿ ಎತ್ತಿದ ಹಾಗೆ ಹಂಚಿದರು. ಓಟಕ್ಕೆ 96 ಜನ, ಮಾತ್ರೆಗೆ 45 ಜನ. 16 ವಾರದ ಕೊನೆಗೆ ಎರಡೂ ಕಡೆ ಶೇಕಡಾ 44ರಷ್ಟು ಜನ ಗುಣವಾಗಿದ್ದರು. ಹೆಚ್ಚಿನವರು ತಾವೇ ಆರಿಸಿಕೊಂಡದ್ದರಿಂದ ಇದು ಸರಿಸಮ ಹೋಲಿಕೆ ಅಲ್ಲ. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಅಂಕಿ. ಮಾತ್ರೆಯವರಲ್ಲಿ ಶೇಕಡಾ 82 ಜನ ಕೊನೆವರೆಗೆ ಸರಿಯಾಗಿ ತೆಗೆದುಕೊಂಡರು. ಓಟದವರಲ್ಲಿ ಹೇಳಿದಷ್ಟು ಓಡಿದವರು ಶೇಕಡಾ 52 ಮಾತ್ರ. ಅವರಲ್ಲಿ ಹೆಚ್ಚಿನವರು ತಾವಾಗಿ ಓಟ ಬೇಕು ಅಂದವರು, ಅವರನ್ನು ಓಡಿಸಲು ತರಬೇತುದಾರರೂ ಇದ್ದರು, ಆದರೂ ಅರ್ಧದಷ್ಟು ಜನರಿಗೆ ಆಗಲಿಲ್ಲ. ಆದ್ದರಿಂದ ನಿಮಗೆ ಏಳಲು ಆಗುತ್ತಿಲ್ಲ ಅಂದರೆ ಅದು ನಿಮ್ಮ ಸೋಮಾರಿತನ ಅಲ್ಲ. ಅದೇ ಕಾಯಿಲೆ.

ಮನಸ್ಸು ಬಂದ ಮೇಲೆ ಹೋಗೋಣ ಅಂತ ಕಾಯಬೇಡಿ. ಖಿನ್ನತೆ ಮೊದಲು ಕಿತ್ತುಕೊಳ್ಳುವುದೇ ಆ ಮನಸ್ಸನ್ನು. ಇಲ್ಲಿ ಕೆಲಸ ಮೊದಲು, ಮನಸ್ಸು ಆಮೇಲೆ ಹಿಂದಿನಿಂದ ಬರುತ್ತದೆ. ಹಾಗಾಗಿ ಕೆಲಸವನ್ನು ತೀರಾ ಚಿಕ್ಕದು ಮಾಡಬೇಕು. ಮಕ್ಕಳನ್ನು ಶಾಲೆಯ ವ್ಯಾನ್ ಹತ್ತಿಸಲು ಹೋಗುತ್ತೀರಲ್ವಾ? ಚಪ್ಪಲಿ ಬದಲು ಶೂ ಹಾಕಿಕೊಂಡು ಹೋಗಿ. ವ್ಯಾನ್ ಹೋದ ಮೇಲೆ ಮನೆಯೊಳಗೆ ಬರಬೇಡಿ. ಒಳಗೆ ಬಂದರೆ ಪಾತ್ರೆ ಕಾಣುತ್ತದೆ, ಹಾಸಿಗೆ ಕಾಣುತ್ತದೆ. ಅಲ್ಲಿಂದಲೇ 10 ನಿಮಿಷ ನಡೆದು ಬನ್ನಿ. ಮೊದಲ ವಾರ ಅಷ್ಟೇ. ಎರಡನೇ ವಾರ ಮಧ್ಯೆ ಮಧ್ಯೆ ಕರೆಂಟು ಕಂಬದಿಂದ ಕಂಬಕ್ಕೆ ಓಡಿ. ಚೂಡಿದಾರ್ ಸಾಕು, ಒಳಗೆ ಒಳ್ಳೆಯ ಸ್ಪೋರ್ಟ್ಸ್ ಬ್ರಾ ಇರಲಿ, ದುಪಟ್ಟಾ ಮನೆಯಲ್ಲಿರಲಿ.

ನೆರೆಮನೆಯ ಒಬ್ಬರನ್ನು ಜೊತೆಗೆ ಕರೆಯಿರಿ. ಊರವರ ಮಾತಿಗೂ ಅದೇ ಮದ್ದು. ಇಬ್ಬರು ಹೆಂಗಸರು ಒಟ್ಟಿಗೆ ಹೋದರೆ ಎರಡು ವಾರ ನೋಡುತ್ತಾರೆ, ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಇನ್ನೊಬ್ಬರು ಗೇಟಿನ ಹತ್ತಿರ ಕಾಯುತ್ತಾರೆ ಅಂತಾದರೆ ಕಾಲು ತಾನಾಗಿ ಹೊರಡುತ್ತದೆ. ಗಂಡ ದೂರ ಇರುವಾಗ ದಿನಕ್ಕೆ ಅರ್ಧ ಗಂಟೆ ಯಾರ ಜೊತೆಗಾದರೂ ಮನಸ್ಸು ಬಿಚ್ಚಿ ಮಾತಾಡುವುದು ಓಟದಷ್ಟೇ ಮುಖ್ಯ. ಅತ್ತೆಗೆ 'ಡಾಕ್ಟ್ರು ಹೇಳಿದ್ದಾರೆ' ಅಂತ ಹೇಳಿ. ನಾನು ಹೇಳಿದ್ದೇನಲ್ವಾ, ಸುಳ್ಳೇನೂ ಅಲ್ಲ.

ಫಲ ಕಾಣಲು ಕೆಲವು ವಾರ ಬೇಕು. ನಡುವೆ ಬದುಕೇ ಬೇಡ ಅನ್ನಿಸಿದರೆ, ಊಟ ನಿದ್ದೆ ಪೂರ್ತಿ ಬಿಟ್ಟುಹೋದರೆ, ಓಟದ ಮೇಲೆ ಭಾರ ಹಾಕಬೇಡಿ. ಅದೇ ದಿನ ನಿಮ್ಮ ಡಾಕ್ಟರಿಗೆ ಹೇಳಿ. ರಾತ್ರಿಯಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, 24 ಗಂಟೆ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಪ್ರಶ್ನೆ (ಕಾವೂರು): ನಾವು ಕೆಲವರು ಕೆರೆ ಸುತ್ತ ಓಡುತ್ತೇವೆ. ಜೂನ್ ಬಂದರೆ ಎಲ್ಲಾ ನಿಂತುಹೋಗುತ್ತದೆ. ಆಟಿ ತಿಂಗಳು ಮುಗಿಯುವಾಗ ಮನಸ್ಸು ಮಂಕಾಗಿರುತ್ತದೆ. ಮಳೆಯಿಂದಲಾ, ಓಟ ಬಿಟ್ಟದ್ದರಿಂದಲಾ?

ಉತ್ತರ: ಎರಡೂ ಸೇರಿರಬಹುದು. ದಿನಾ ಓಡುವವರು ಒಮ್ಮೆಗೇ ನಿಲ್ಲಿಸಿದರೆ ಒಂದೆರಡು ವಾರದಲ್ಲೇ ಕಿರಿಕಿರಿ, ನಿದ್ದೆಗೇಡು ಶುರುವಾಗುವುದುಂಟು. ಸಣ್ಣ ಮಳೆಯಲ್ಲಿ ಓಡಿದರೆ ಏನೂ ಆಗುವುದಿಲ್ಲ. ಆದರೆ ಪಾಚಿ ಹಿಡಿದ ಮುರಕಲ್ಲಿನ ಮೇಲೆ, ಗುಡುಗು ಮಿಂಚಿನಲ್ಲಿ ಬೇಡ. ಕಡಲ ಬದಿಯೂ ಬೇಡ. ಜಡಿಮಳೆಯ ದಿನ ಫ್ಲ್ಯಾಟಿನ ಮೆಟ್ಟಿಲು ಹತ್ತಿ, ಇಲ್ಲವೇ ಶಟಲ್ ಆಡಿ. ಮನಸ್ಸಿಗೆ ಬೇಕಾದದ್ದು ಬೆವರುವುದು ಮತ್ತು ನಾಲ್ಕು ಜನರ ಜೊತೆ ಸೇರುವುದು. ಗುಂಪು ಮಾತ್ರ ಒಡೆಯಬೇಡಿ, ಓಡಲು ಆಗದ ದಿನವೂ ಅದೇ ಹೊತ್ತಿಗೆ ಸೇರಿ.

ಪ್ರಶ್ನೆ (ಮಣಿಪಾಲ): ಡಾಕ್ಟ್ರೇ, ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಒತ್ತಡ ಕಡಿಮೆಯಾಗಲಿ ಅಂತ ಓಡಲು ಶುರು ಮಾಡಿದಳು. ಈಗ ದಿನಕ್ಕೆ ಎರಡು ಹೊತ್ತು ಓಡುತ್ತಾಳೆ. ಜ್ವರ ಇದ್ದಾಗಲೂ ಎಂಡ್ ಪಾಯಿಂಟ್ ಪಾರ್ಕಿಗೆ ಓಡಲು ಹೋದಳು. ಅನ್ನ ಮುಟ್ಟುವುದಿಲ್ಲ, ತುಂಬಾ ಸಣ್ಣ ಆಗಿದ್ದಾಳೆ. ಕೇಳಿದರೆ 'ಆರೋಗ್ಯಕ್ಕೇ ತಾನೆ' ಅನ್ನುತ್ತಾಳೆ.

ಉತ್ತರ: ನಿಮ್ಮ ಆತಂಕ ಸರಿಯಾಗಿದೆ, ಇದನ್ನು ಬಿಡಬೇಡಿ. ಓಡದಿದ್ದರೆ ತಪ್ಪು ಮಾಡಿದ ಹಾಗೆ ಅನ್ನಿಸುವುದು, ಜ್ವರ ನೋವು ಇದ್ದರೂ ನಿಲ್ಲಿಸದಿರುವುದು, ತಿಂದದ್ದಕ್ಕೆ ಲೆಕ್ಕ ಇಟ್ಟು ಓಡುವುದು ಇದ್ದರೆ ಓಟ ಒತ್ತಡ ಇಳಿಸುತ್ತಿಲ್ಲ, ಅದೇ ಒತ್ತಡವಾಗಿದೆ. ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಮೆಲ್ಲನೆ ಕೇಳಿ. ಓಡುವಷ್ಟು ತಿನ್ನದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಸಣ್ಣ ವಯಸ್ಸಿನಲ್ಲೇ ಕಾಲಿನ ಮೂಳೆ ಬಿರುಕು ಬಿಡುತ್ತದೆ. ನಾಡಿ ನಿಧಾನ ಇದ್ದರೆ 'ಫಿಟ್ ಇದ್ದಾಳೆ' ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಉಪವಾಸಕ್ಕೂ ನಾಡಿ ಇಳಿಯುತ್ತದೆ.

ಶೂ ಅಡಗಿಸಿಡುವುದು, ಬೈಯುವುದು ಬೇಡ. ಗುಟ್ಟಾಗಿ ಶುರು ಮಾಡುತ್ತಾಳೆ. 'ನೀನು ದಣಿದ ಹಾಗೆ ಕಾಣುತ್ತಿ, ಒಮ್ಮೆ ರಕ್ತ ಮತ್ತು ಇಸಿಜಿ ನೋಡಿಸೋಣ' ಅಂತ ಮೊದಲು ಫಿಸಿಶಿಯನ್ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಂದ ಮನೋವೈದ್ಯರು, ಡಯಟೀಶಿಯನ್. ಈ ತಿಂಗಳೇ ಹೋಗಿ, ಕಾಲೇಜಿನ ಪರೀಕ್ಷೆ ಮುಗಿಯಲಿ ಅಂತ ಮುಂದೂಡಬೇಡಿ.

ಪ್ರಶ್ನೆ (ಕಾಪು): ನನಗೆ ಬೈಪೋಲಾರ್, ಮನಸ್ಸು ಒಮ್ಮೆ ತೀರಾ ಉಬ್ಬಿ ಒಮ್ಮೆ ತೀರಾ ಕುಗ್ಗುವ ಕಾಯಿಲೆ. ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ, ಈಗ ಚೆನ್ನಾಗಿದ್ದೇನೆ. ಬೆಳಿಗ್ಗೆ 4ಕ್ಕೆ ಎದ್ದು ಲೈಟ್‌ಹೌಸ್ ಬೀಚಿನಲ್ಲಿ ಓಡಬೇಕು ಅಂತ ಆಸೆ.

ಉತ್ತರ: ಓಡಿ, ಖಂಡಿತ ಓಡಿ. ಆದರೆ 4ಕ್ಕೆ ಏಳುವುದು ಬೇಡ. ನಿದ್ದೆ ಕಡಿಮೆಯಾದರೆ ಮೇನಿಯಾ, ಅಂದರೆ ಮನಸ್ಸು ತೀರಾ ಉಬ್ಬುವ ಸ್ಥಿತಿ, ಮರುಕಳಿಸಬಹುದು. ನಿಮಗೆ ಓಟಕ್ಕಿಂತ ನಿದ್ದೆ ದೊಡ್ಡದು. ಸಂಜೆ ಬಿಸಿಲು ಇಳಿದ ಮೇಲೆ ಹೋಗಿ.

ನಮ್ಮ ಕರಾವಳಿಯ ಸೆಕೆಯಲ್ಲಿ ಅರ್ಧ ಗಂಟೆಗೇ ಅಂಗಿ ಹಿಂಡುವಷ್ಟು ಬೆವರುತ್ತೇವೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದು ಏರಬಹುದು. ಓಡುವ ಮೊದಲೂ ಆಮೇಲೂ ನೀರು ಕುಡಿಯಿರಿ. ಊಟದಲ್ಲಿ ಉಪ್ಪು ಒಮ್ಮೆಗೇ ಬಿಡಬೇಡಿ. ಮಂಡಿ ನೋವಿಗೆ ಅಂತ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಬೇಡಿ, ಅವೂ ಲಿಥಿಯಂ ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ವಾಂತಿ ಭೇದಿ, ನಡೆಯುವಾಗ ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಓಡಲು ಶುರು ಮಾಡುವ ವಿಷಯ ನಿಮ್ಮ ಡಾಕ್ಟರಿಗೆ ಮೊದಲೇ ತಿಳಿಸಿ. ರಕ್ತದಲ್ಲಿ ಲಿಥಿಯಂ ಮಟ್ಟ ಬೇಗ ಒಮ್ಮೆ ನೋಡಬೇಕಾ ಅಂತ ಅವರು ಹೇಳುತ್ತಾರೆ. ರಾತ್ರಿ ಮಾತ್ರೆ ತೆಗೆದುಕೊಂಡು 12 ಗಂಟೆ ಆದ ಮೇಲೆ, ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಿ.