ಕಾರು ‘ಸಂಗ್ರಹ’ ಮಾಡುವವರನ್ನು ಕನ್ನಡದಲ್ಲಿ ಏನನ್ನಬೇಕು?

ಗೆಳೆಯರೆ, ನಮಸ್ಕಾರ.

ಒಂದು ಪದದ ಮುಂದೆ ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ. ಫ್ರಾನ್ಸಿನ ಶ್ಲುಂಫ್ ಸೋದರರ ಕಾರುಗಳ ಬಗ್ಗೆ ಒಂದು ಬರಹ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ‘ಕಾರು ಸಂಗ್ರಾಹಕ’ ಅಂತ ಬರೆದೆ. ಜೋರಾಗಿ ಓದಿದಾಗ ಯಾಕೋ ಒಪ್ಪಲಿಲ್ಲ. ‘ಕಾರು ಸಂಗ್ರಹಕಾರ’ ಅಂತ ತಿದ್ದಿದೆ. ಆ ಕಡೆ ಒಂದು ಕಾರು, ಈ ಕಡೆ ಒಂದು ಕಾರ, ನಾಲಿಗೆ ತೊಡರಿತು. ಪೇಪರಿನವರ ಹಾಗೆ ‘ದುಬಾರಿ ಕಾರುಗಳ ಒಡೆಯ’ ಅಂದರೆ ಅರ್ಧ ವಿಷಯ ಬಿಟ್ಟೇಹೋಗುತ್ತದೆ. ಒಡೆಯ ಆಗೋಕೆ ದುಡ್ಡಿದ್ದರೆ ಆಯಿತು. ಐವತ್ತು ವರ್ಷ ಹುಡುಕಿ ಹುಡುಕಿ ತಂದವನಿಗೂ ಅದೇ ಪದವಾ?

ಇಂಗ್ಲಿಷಿನದನ್ನೇ ಇಟ್ಟುಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. ಕಲೆಕ್ಟರ್ ಅಂದರೆ ನಮಗೆ ಜಿಲ್ಲೆಯ ಸಾಹೇಬರು. ಮಂಗಳೂರು ಕಡೆಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಮದ್ರಾಸ್ ಪ್ರಾಂತ್ಯದ ಕಾಲದ ಪದ ಅದು, ಅಲ್ಲಿ ಕಲೆಕ್ಟರ್ಸ್ ಗೇಟ್ ಅಂತ ಜಾಗವೇ ಇದೆ. ಅವರು ಕಲೆಹಾಕುತ್ತಿದ್ದದ್ದು ಕಂದಾಯ. ಇನ್ನು ಕಲೆಕ್ಷನ್ ಅಂದರೆ ಸಿನಿಮಾದ ದುಡ್ಡು, ಬಸ್ ಕಂಡಕ್ಟರ ದಿನದ ಲೆಕ್ಕ, ಇಲ್ಲ ಅಂಗಡಿಗೆ ಬಂದ ಹೊಸ ಸೀರೆಗಳು. ಕಾರಿಗೆ ಅದನ್ನು ಅಂಟಿಸಿದರೆ ಷೋರೂಮಿನ ಮಾತಾಗುತ್ತದೆ.

‘ಸಂಗ್ರಹ’ದ ಕತೆಯೂ ಹೀಗೇ. ತೆರಿಗೆ ಸಂಗ್ರಹ, ಕಸ ಸಂಗ್ರಹ, ರಕ್ತ ಸಂಗ್ರಹ, ದೇಣಿಗೆ ಸಂಗ್ರಹ. ‘ಸಂಗ್ರಹವಾಗಿ ಹೇಳಿ’ ಅಂದರೆ ಚಿಕ್ಕದು ಮಾಡಿ ಹೇಳಿ ಅಂತ. ‘ಅಕ್ರಮ ಸಂಗ್ರಹ’ ಅಂದರೆ ಪೊಲೀಸರು ಬಂದರು ಅಂತ. ಇಷ್ಟೆಲ್ಲ ಕೆಲಸ ಮಾಡುವ ಪದಕ್ಕೆ ತನ್ನದೇ ಒಂದು ಬಣ್ಣ ಉಳಿದಿಲ್ಲ. ತಪ್ಪು ಅಂತ ಹೇಳುತ್ತಿಲ್ಲ. ಸಪ್ಪೆ ಅಂತ ಹೇಳುತ್ತಿದ್ದೇನೆ.

ಶ್ಲುಂಫ್ ಕತೆಯನ್ನು ಸ್ವಲ್ಪ ಹೇಳದೆ ನನ್ನ ತೊಂದರೆ ಅರ್ಥ ಆಗುವುದಿಲ್ಲ. ಮುಲೂಸ್ ಅಂತ ಫ್ರಾನ್ಸಿನ ಪೂರ್ವ ಗಡಿಯ ಹತ್ತಿರ ಒಂದು ಊರು. ಅಣ್ಣ ಹಾನ್ಸ್, ತಮ್ಮ ಫ್ರಿಟ್ಜ್. ಉಣ್ಣೆ ನೂಲುವ ಗಿರಣಿಗಳ ಮಾಲೀಕರು. ಫ್ರಿಟ್ಜ್‌ಗೆ ಬುಗಾಟಿ ಕಾರು ಅಂದರೆ ಪ್ರಾಣ. 1960ರ ದಶಕದಲ್ಲಿ ಎಲ್ಲಿ ಸಿಕ್ಕಿದರೆ ಅಲ್ಲಿ ಕೊಂಡರು. ಅಮೆರಿಕದ ಇಲಿನಾಯ್‌ನ ಒಬ್ಬರ ಹತ್ತಿರವೇ 30 ಬುಗಾಟಿಗಳನ್ನು ಒಟ್ಟಿಗೆ ಕೊಂಡು ಹಡಗಿನಲ್ಲಿ ತರಿಸಿದರು. ಜಗತ್ತಿನಲ್ಲಿ ಉಳಿದಿರುವುದೇ ಆರು ಬುಗಾಟಿ ರೊಯಾಲ್, ಅದರಲ್ಲಿ ಎರಡು ಇವರ ಕೈಗೆ ಬಂತು. ಎಲ್ಲವೂ ಹೋಗಿ ನಿಂತದ್ದು ಊರೊಳಗಿನ ಹಳೇ ಗಿರಣಿಯಲ್ಲಿ. ಒಳಗೆ ಮೆಕ್ಯಾನಿಕ್ಕುಗಳು ಗುಟ್ಟಾಗಿ ಕೆಲಸ ಮಾಡುತ್ತಿದ್ದರು. ಪ್ಯಾರಿಸ್ಸಿನ ಸೇತುವೆಯೊಂದರ ದೀಪದ ಕಂಬ ನೋಡಿ ಅದೇ ಮಾದರಿಯ ನೂರಾರು ಕಂಬಗಳನ್ನು ಮಾಡಿಸಿ ಕಾರುಗಳ ಸಾಲಿನ ನಡುವೆ ನೆಡಿಸಿದ್ದರು.

ಅಷ್ಟರಲ್ಲಿ ಗಿರಣಿ ವ್ಯಾಪಾರ ಬಿದ್ದುಹೋಯಿತು. ಕೆಲಸಗಾರರು ಬೀದಿಗೆ ಬಂದರು. 1977ರ ಮಾರ್ಚಿನಲ್ಲಿ ಅವರು ಆ ಬಾಗಿಲು ತೆಗೆದು ಒಳಗೆ ಹೋದರು. ಕಣ್ಣೆದುರಿಗೆ ಮಿರಮಿರ ಮಿಂಚುವ ನಾನೂರಕ್ಕೂ ಜಾಸ್ತಿ ಕಾರು. ಅಣ್ಣತಮ್ಮಂದಿರು ಸ್ವಿಟ್ಜರ್ಲೆಂಡ್ ಸೇರಿಯಾಗಿತ್ತು. ಕೆಲಸಗಾರರು ಸುಮಾರು ಎರಡು ವರ್ಷ ಆ ಜಾಗ ಬಿಟ್ಟುಕೊಡಲಿಲ್ಲ. ಊರವರನ್ನು ಒಳಗೆ ಬಿಟ್ಟು ಕಾರುಗಳನ್ನು ತೋರಿಸಿದರು. 1978ರಲ್ಲಿ ಫ್ರಾನ್ಸ್ ಸರ್ಕಾರ ಅಷ್ಟನ್ನೂ ಪರಂಪರೆಯ ಪಟ್ಟಿಗೆ ಸೇರಿಸಿತು. 1982ರಲ್ಲಿ ಅದು ಮ್ಯೂಸಿಯಂ ಆಗಿ ಎಲ್ಲರಿಗೂ ತೆರೆಯಿತು.

ಈಗ ಹೇಳಿ, ಫ್ರಿಟ್ಜ್ ಮಾಡಿದ್ದು ಏನು? ಅವರ ಬಾಯಲ್ಲಾದರೆ ‘ಕೂಡಿಟ್ಟೆ’. ಆ ಬಾಗಿಲಲ್ಲಿ ನಿಂತ ಕೆಲಸಗಾರರ ಬಾಯಲ್ಲಾದರೆ ‘ಕೂಡಿಹಾಕಿದ್ದ’. ಕಾರು ಅವೇ, ಗಿರಣಿ ಅದೇ, ಹಿಂದಿನ ಪದವೂ ಅದೇ. ‘ಇಡು’ ತೆಗೆದು ‘ಹಾಕು’ ಇಟ್ಟ ಕೂಡಲೇ ಮಾತು ತಿರುಗಿಬಿಟ್ಟಿತು. ಇದು ನನಗೆ ಹೊಳೆದಾಗ ಪೆನ್ನು ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ. ಮುಚ್ಚಿಡು, ಮುಚ್ಚಿಹಾಕು. ಕಟ್ಟಿಡು, ಕಟ್ಟಿಹಾಕು. ಅಮ್ಮ ಮಗನಿಗೆ ಅಂತ ತಿಂಡಿ ಮುಚ್ಚಿಡುತ್ತಾಳೆ. ಹಗರಣವನ್ನು ಮುಚ್ಚಿಹಾಕುತ್ತಾರೆ. ಬುತ್ತಿ ಕಟ್ಟಿಡುತ್ತಾರೆ, ದನ ಕಟ್ಟಿಹಾಕುತ್ತಾರೆ. ‘ಇಡು’ ಅಂದಾಗ ಮುಂದೆ ಯಾರಿಗೋ ಬೇಕು ಅನ್ನುವ ಕಾಳಜಿ ಇದೆ. ‘ಹಾಕು’ವಿನಲ್ಲಿ ಬಲವಂತ ಇದೆ. ಕೂಡಿಹಾಕು ಅನ್ನುವುದಕ್ಕೆ ಬೇರೆಯವರಿಗೆ ಸಿಗದ ಹಾಗೆ ಗುಡ್ಡೆ ಮಾಡು ಅಂತಲೂ ಅರ್ಥ, ಒಳಗೆ ಹಾಕಿ ಬಾಗಿಲು ಹಾಕು ಅಂತಲೂ ಅರ್ಥ. ಮುಲೂಸ್‌ನ ಆ ಗಿರಣಿಗೆ ಎರಡೂ ಹೊಂದುತ್ತದೆ, ಅಲ್ವಾ?

ಈ ನಿಯಮ ಎಲ್ಲ ಕಡೆ ನಿಲ್ಲುವುದಿಲ್ಲ, ಗೊತ್ತು. ‘ಕಲೆಹಾಕು’ವಿನಲ್ಲಿ ಯಾವ ಬಲವಂತವೂ ಇಲ್ಲ. ಮಾಹಿತಿ ಕಲೆಹಾಕುತ್ತೇವೆ, ಗಾದೆ ಕಲೆಹಾಕುತ್ತೇವೆ. ಅಲ್ಲೊಂದು ಇಲ್ಲೊಂದು ಬಿದ್ದಿದ್ದನ್ನು ಹುಡುಕಿ ಒಂದು ಕಡೆ ತರುವುದು ಅದರ ಅರ್ಥ. ನಿಜ ಹೇಳಬೇಕು ಅಂದರೆ ಕಾರಿನವರ ಹುಡುಕಾಟಕ್ಕೆ ‘ಸಂಗ್ರಹಿಸು’ಗಿಂತ ‘ಕಲೆಹಾಕು’ ಎಷ್ಟೋ ವಾಸಿ. ಆದರೆ ಅದು ಮನೆಗೆ ತಂದು ಇಳಿಸುವ ತನಕದ ಪದ. ಆಮೇಲಿನದಕ್ಕೆ ಏನು?

ಈ ‘ಆಮೇಲಿನದು’ ಸಣ್ಣ ವಿಷಯ ಅಲ್ಲ. ನಮ್ಮ ಬೀದಿಯ ಗ್ಯಾರೇಜಿನ ಮೇಸ್ತ್ರಿಗೆ ಅರವತ್ತು ದಾಟಿದೆ. ಯಾರದೋ ಹಳೇ ಫಿಯಟ್ ಒಂದು ಅವರ ಹತ್ತಿರ ಬಂದಿತ್ತು. ಎರಡು ವರ್ಷ ಷೆಡ್ಡಿನಲ್ಲಿ ನಿಂತಿದ್ದ ಗಾಡಿ. ಟೈರು ನೆಲಕ್ಕೆ ಒತ್ತಿದ ಕಡೆ ಚಪ್ಪಟೆ ಆಗಿತ್ತು. ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು. ಕಾರ್ಬುರೇಟರಿನಲ್ಲಿ ಹಳೇ ಪೆಟ್ರೋಲ್ ಅಂಟು ಅಂಟಾಗಿ ಕೂತಿತ್ತು. ವೈರಿನ ಮೇಲೆ ಇಲಿಯ ಹಲ್ಲಿನ ಗುರುತು. ಮೇಸ್ತ್ರಿ ಬಾನೆಟ್ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟೇ: ‘ಗಾಡಿ ತಗೊಳ್ಳೋದು ದೊಡ್ಡದಲ್ಲ ಸಾರ್, ಸಾಕೋದು ದೊಡ್ಡದು.’

ಸಾಕೋದು! ಹಸು ಸಾಕೋದು, ಮಕ್ಕಳನ್ನ ಸಾಕೋದು, ಬಿಳಿ ಆನೆ ಸಾಕೋದು. ವಾರಕ್ಕೊಮ್ಮೆ ಎಂಜಿನ್ ಸ್ಟಾರ್ಟ್ ಮಾಡಬೇಕು, ಎಣ್ಣೆ ನೋಡಬೇಕು, ಒಂದು ಸುತ್ತು ಓಡಿಸಿ ತರಬೇಕು, ಓಡಿಸದೆ ಇಡುವುದಾದರೆ ಜಾಕಿ ಕೊಟ್ಟು ಟೈರಿನ ಮೇಲಿನ ಭಾರ ಇಳಿಸಬೇಕು. ಒಂದು ಫಿಯಟ್ಟಿಗೇ ಇಷ್ಟು. ನೂರು ಕಾರಿದ್ದರೆ? ನನಗೆ ಬೇಕಿದ್ದ ಪದ ಇದೇ ಅನ್ನಿಸಿತು.

ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ಟಿವಿ ಹಾಸ್ಯಗಾರ, ನಿರೂಪಕ ಜೇ ಲೆನೊ ಅವರ ದೊಡ್ಡ ಗ್ಯಾರೇಜ್ ಇದೆ. ತುಂಬ ಹಳೇ ಕಾರುಗಳಿವೆ, ಅವನ್ನು ಅವರು ರಸ್ತೆಯಲ್ಲಿ ಓಡಿಸುತ್ತಾರೆ. 2022ರ ನವೆಂಬರಿನಲ್ಲಿ 1907ರ ಒಂದು ಹಬೆ ಕಾರಿನ ಕೆಳಗೆ ಮಲಗಿ ಕಟ್ಟಿಕೊಂಡ ಇಂಧನದ ಪೈಪನ್ನು ಬಿಡಿಸುತ್ತಿದ್ದಾಗ ಪೆಟ್ರೋಲ್ ಮುಖಕ್ಕೆ ಬಿದ್ದು, ಬೆಂಕಿ ಹತ್ತಿ ಸುಟ್ಟುಕೊಂಡರು. ಕೈತುಂಬ ದುಡ್ಡಿರುವ ಮನುಷ್ಯ, ಎಪ್ಪತ್ತು ದಾಟಿದವರು, ಕೆಲಸಕ್ಕೆ ಜನ ಇದ್ದಾರೆ. ಆದರೂ ತಾವೇ ಕೆಳಗೆ ಮಲಗಿದ್ದರು. ಇವರನ್ನು ‘ಸಂಗ್ರಾಹಕ’ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ. ಇವರು ಕಾರು ಸಾಕುವವರು. ಅದೇ ಬ್ರೂನೈ ಸುಲ್ತಾನರ ಸಾವಿರಾರು ಕಾರುಗಳ ಸುದ್ದಿ ಓದಿದಾಗ ನನ್ನ ಬಾಯಿಗೆ ಬರುವುದು ‘ದಾಸ್ತಾನು’. ಅಷ್ಟು ಕಾರನ್ನು ಒಬ್ಬರು ಹೆಸರು ಹಿಡಿದು ಕರೆಯೋಕಾದರೂ ಆಗುತ್ತದಾ?

ನಮ್ಮಲ್ಲೂ ನೋಡಿ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಹಳೇ ವಸ್ತುಗಳಿಗೆ ಮಾಡಿರುವ ಮ್ಯೂಸಿಯಂ ಹೆಸರು ಮಂಜೂಷಾ. ಅಂದರೆ ಪೆಟ್ಟಿಗೆ. ಕಾರುಗಳಿಗೆ ಅಂತ ಶ್ರೀರಂಗಪಟ್ಟಣದ ಹತ್ತಿರ ಮಾಡಿದ್ದಕ್ಕೆ ಇಟ್ಟ ಹೆಸರು ಪಯಣ. ‘ಪ್ರಯಾಣ’ ಕನ್ನಡದ ಬಾಯಲ್ಲಿ ಸವೆದು ಆದ ಪದ. ಒಂದು ಹೆಸರು ಜೋಪಾನವಾಗಿ ಇಡುವುದನ್ನು ಹೇಳುತ್ತದೆ, ಇನ್ನೊಂದು ಓಡುವುದನ್ನು. ಎರಡರಲ್ಲೂ ‘ಸಂಗ್ರಹ’ ಇಲ್ಲ. ಹೆಸರಿಟ್ಟವರಿಗೆ ಕೈಮುಗಿಯಬೇಕು.

ಆದರೆ ‘ಸಾಕು’ವಿನಲ್ಲಿ ಒಂದು ತೊಡಕಿದೆ. ‘ನೂರು ಕಾರು ಸಾಕು’ ಅಂತ ಬರೆದರೆ ಓದುವವರು ‘ನೂರೇ ಸಾಕು, ಜಾಸ್ತಿ ಬೇಡ’ ಅಂತ ತಿಳಿಯುತ್ತಾರೆ. ಹಾಗಾಗಿ ಸಾಕುವ, ಸಾಕಿದ, ಸಾಕಿಕೊಂಡಿರುವ ಅಂತಲೇ ಬಳಸಬೇಕಾಗುತ್ತದೆ. ‘ಕಾರು ಸಾಕಿದವರು’ ಅಂತ ತಲೆಬರಹ ಕೊಟ್ಟರೆ ನಿಮಗೆ ಒಪ್ಪುತ್ತದಾ?

‘ಶೋಕಿ’ ಕೂಡ ನೆನಪಾಯಿತು. ಮೂಲದಲ್ಲಿ ಅದಕ್ಕೆ ಆಸೆ, ಒಲವು ಅಂತ ಅರ್ಥ. ನಮ್ಮಲ್ಲಿಗೆ ಬಂದ ಮೇಲೆ ತೋರಿಸಿಕೊಳ್ಳುವ ಚಟ ಆಯಿತು. ‘ಗೀಳು’ ಅಂದರೆ ಕಾಯಿಲೆಯ ವಾಸನೆ. ಎರಡನ್ನೂ ಬಿಟ್ಟೆ.

ನಿಮ್ಮನ್ನು ಕೇಳಬೇಕಾದ್ದು ಇದು. ನಮ್ಮ ಮೈಸೂರು ಸೀಮೆಯಲ್ಲಿ ‘ಮೂರು ಕಾರು ಮಡಗವ್ರೆ’ ಅನ್ನುತ್ತಾರೆ. ಈ ‘ಮಡಗು’ವಿನಲ್ಲಿ ಮಾಲೀಕತನವೂ ಇದೆ, ಜೋಪಾನವೂ ಇದೆ. ಧಾರವಾಡ, ಕಲಬುರಗಿ ಕಡೆ ಗಾಡಿಗೆ ‘ಸಾಕು’ ಬಳಸುತ್ತಾರಾ, ಇಲ್ಲ ಬರೀ ‘ಇಟ್ಟಾರ’ ಅನ್ನುತ್ತಾರಾ? ಕರಾವಳಿಯಲ್ಲಿ ಹೇಗೆ? ಲಾರಿ, ಟ್ರ್ಯಾಕ್ಟರ್ ಇರುವ ಮನೆಯವರು ಇದ್ದರೆ ಅವರ ಮಾತು ಇನ್ನೂ ಒಳ್ಳೆಯದು. ಹಾಗೇ, ಇಡು ಮತ್ತು ಹಾಕು ನಡುವೆ ನಾನು ಹೇಳಿದ ವ್ಯತ್ಯಾಸಕ್ಕೆ ಎದುರಾಗಿ ನಿಲ್ಲುವ ಜೋಡಿ ಪದಗಳು ನಿಮಗೆ ಹೊಳೆದರೆ ದಯವಿಟ್ಟು ಬರೆಯಿರಿ. ನನಗೆ ಈವರೆಗೆ ಸಿಕ್ಕಿದ್ದು ಕಲೆಹಾಕು ಒಂದೇ, ಅದಕ್ಕೆ ಎದುರು ‘ಕಲೆಯಿಡು’ ಅನ್ನುವುದೇ ಇಲ್ಲ.