ಗೊಬ್ಬರದಂಗಡಿ ತಮ್ಮನ ಕೈ ತೊಳೆತ: ಸ್ವಭಾವವೋ, ಒಸಿಡಿ ಎಂಬ ಗೀಳು ರೋಗವೋ?

ಪ್ರಶ್ನೆ (ಗಂಗಾವತಿ): ಡಾಕ್ಟ್ರೇ, ನಮ್ಮ ತಮ್ಮ ಗೊಬ್ಬರ-ಎಣ್ಣಿ (ಬೆಳಿಗೆ ಹೊಡಿಯೋ ಕೀಟನಾಶಕ) ಅಂಗಡಿ ಇಟ್ಟಾನ. ಮನಿಗೆ ಬಂದು ತಾಸುಗಟ್ಲೆ ಕೈ ತೊಳಿತಾನ. "ಎಣ್ಣಿ ಕೈಗೆ ಹತ್ತಿ ಹುಡುಗ್ರಿಗೆ ಏನರ ಆದ್ರ?" ಅಂತ ಎಲ್ಲಾರನ್ನೂ ಕೇಳ್ತಾನ. ಮೊದಲಿಂದ ಭಾಳ ನೀಟು, ಲೆಕ್ಕದಾಗ ಒಂದು ರೂಪಾಯಿ ತಪ್ಪಂಗಿಲ್ಲ. ಇದು ಸ್ವಭಾವನೋ, ರೋಗನೋ?

ಉತ್ತರ: ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಲೆಕ್ಕದ ಕಟ್ಟುನಿಟ್ಟು ಅವರಿಗೆ ಹೆಮ್ಮೆ. ಬಿಡು ಅಂದರೆ ನಿಮ್ಮ ಮೇಲೇ ಸಿಟ್ಟಾದಾರು. ಅದು ಕೆಲಸ, ಸಂಬಂಧ ಕೆಡಿಸುವಷ್ಟು ಬಿಗಿಯಾದರೆ ಒಸಿಪಿಡಿ (ವ್ಯಕ್ತಿತ್ವದ ತೊಂದರೆ) ಎಂಬ ಬೇರೆಯೇ ಹೆಸರಿದೆ. ಕೈ ತೊಳೆತ ಹಾಗಲ್ಲ. ಅತಿಯಾಯಿತೆಂದು ಸಾಮಾನ್ಯವಾಗಿ ಅವರಿಗೇ ಗೊತ್ತಿರುತ್ತದೆ, ಬಿಡಲಾಗುವುದಿಲ್ಲ. ದಿನಕ್ಕೆ ತಾಸಿಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ ಒಸಿಡಿ ಇರಬಹುದೆಂದು ವೈದ್ಯರಿಗೆ ತೋರಿಸಲೇಬೇಕು. (ಮನೆಯೆಲ್ಲ ಹರಡಿಕೊಂಡಿರುವವರಿಗೂ ಒಸಿಡಿ ಇರುತ್ತದೆ, ನೀಟುತನ ಗುರುತಲ್ಲ.)

"ಏನಾದರೂ ಆದರೆ?" ಎಂಬಂಥ ಬೇಡದ ಯೋಚನೆ ರೋಗವಿಲ್ಲದವರಿಗೂ ಬರುತ್ತದೆಂದು ಮನೋವಿಜ್ಞಾನಿಗಳಾದ ರಾಕ್‌ಮನ್ ಮತ್ತು ಡಿ ಸಿಲ್ವ 1978ರಲ್ಲೇ ತೋರಿಸಿದ್ದಾರೆ. ಬಂದದ್ದಕ್ಕೆ ಏನರ್ಥ ಹಚ್ಚುತ್ತೇವೆ ಅನ್ನುವಲ್ಲಿ ತಕರಾರು. ನಿಮ್ಮ ತಮ್ಮ ಅಪಾಯವನ್ನು ಹಿಗ್ಗಿಸುತ್ತಾರೆ, ನೂರಕ್ಕೆ ನೂರು ಖಾತ್ರಿ ಬೇಡುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಪೂರ್ತಿ ಹೊಣೆ ತಮ್ಮದೇ ಅನ್ನುತ್ತಾರೆ. ಈ ಹೊಣೆಯ ಅತಿಭಾರವನ್ನೇ ಮನೋವಿಜ್ಞಾನಿ ಪಾಲ್ ಸಾಲ್ಕೋವ್‌ಸ್ಕಿಸ್ 1985ರಲ್ಲಿ ಒಸಿಡಿಯ ನಡುಗಂಬ ಮಾಡಿ ವಿವರಿಸಿದ್ದು.

ಆ ಹೊಣೆಯನ್ನು ಹಂಚಿ ನೋಡಲು ಹಾಳೆಯ ಮೇಲೆ ರೊಟ್ಟಿಯಂತೆ ದುಂಡಗೆ ಗೆರೆ ಎಳೆಸಿ. ಮಗುವಿಗೆ ವಿಷ ತಗಲಬೇಕಾದರೆ ಡಬ್ಬಿ ಸೋರಿರಬೇಕು, ಸೋಪು ಹಚ್ಚಿದರೂ ಉಳಿದಿರಬೇಕು, ತುತ್ತಿಗೆ ಹತ್ತಬೇಕು, ಹತ್ತಿದ್ದೂ ಕೆಡುಕು ಮಾಡುವಷ್ಟಿರಬೇಕು. ಒಂದೊಂದಕ್ಕೂ ತುಂಡು ಕೊಡಿಸಿ ತಮ್ಮನ ಪಾಲನ್ನು ಕೊನೆಗೆ ಬರೆಸಿ. ಮೊದಲೇ ಬರೆದರೆ ಇಡೀ ರೊಟ್ಟಿ ಅವರೇ ತಗೊಳ್ಳುತ್ತಾರೆ. ಒಂದೆರಡು ಸಲ ಸಾಕು. ದಿನಾ ಎಳೆದರೆ ಅದೂ ಇನ್ನೊಂದು ಕೈ ತೊಳೆತ.

ನಿಜವಾದ ಕೆಲಸ ಇಆರ್‌ಪಿ ಎಂಬ ಚಿಕಿತ್ಸೆಯದು: ಭಯವನ್ನು ಎದುರಿಸುವುದು, ತೊಳೆಯದಿರುವುದು. ಅಂಗಡಿ ಮುಚ್ಚಿ ಸೋಪಿನಿಂದ ಒಂದು ಸಲ ಚೆನ್ನಾಗಿ ತೊಳೆಯುವುದು ಬೇಕೇ ಬೇಕು, ಎಣ್ಣೆ ಎಣ್ಣೆಯೇ. ರೋಗ ಶುರುವಾಗುವುದು ಎರಡನೇ ಸಲದಿಂದ. ಭಯಗಳಿಗೆ 0ಯಿಂದ 100ರವರೆಗೆ ಅಂಕ ಹಾಕಿಸಿ 40ರ ಆಸುಪಾಸಿನದರಿಂದ ಹಿಡಿಯುತ್ತೇವೆ. ಮನೆಗೆ ತಂದ ಬಿಲ್ ಬುಕ್ ಮುಟ್ಟಿ 45–60 ನಿಮಿಷ ತೊಳೆಯದೆ ಕೂಡುವುದು. ಮುಂದೆ, ಒಮ್ಮೆ ತೊಳೆದ ಕೈಯಿಂದಲೇ ಮಗುವಿಗೆ ತುತ್ತು. ಕೆಡುವುದು ಕಳ್ಳದಾರಿಯಿಂದ: ಪ್ಯಾಂಟಿಗೆ ಒರೆಸಿಕೊಳ್ಳುವುದು, "ಏನೂ ಆಗಲ್ಲ" ಅಂತ ಮನಸ್ಸಿನಲ್ಲೇ ಜಪಿಸುವುದು. ಮೊದಮೊದಲು ಇದನ್ನು ಚಿಕಿತ್ಸಕರ ಜೊತೆಯಲ್ಲೇ ಮಾಡಲಿ.

ಪ್ರಶ್ನೆ (ಗಂಗಾವತಿ): ಕೇಳಿದಾಗ "ಏನೂ ಆಗಂಗಿಲ್ಲ" ಅಂತ ನಾವೂ ಹೇಳಬಾರ್ದೇನ್ರಿ? ಗುಳಿಗಿ ಎಷ್ಟು ದಿನಾ?

ಉತ್ತರ: ನೀವು ಹೇಳಿದ ಸಮಾಧಾನ ಸ್ವಲ್ಪ ಹೊತ್ತಿನದು, ಆಮೇಲೆ ಮತ್ತೆ ಕೇಳಬೇಕು. ಆದರೆ ಬಾಯಿ ಮುಚ್ಚಿಕೊಂಡು ಕೂತರೆ ಜಗಳ. ಶಾಂತವಾಗಿದ್ದಾಗ ಅವರ ಜೊತೆ ಕೂತು ಒಂದೇ ಮಾತು ಗೊತ್ತು ಮಾಡಿಕೊಳ್ಳಿ: "ಇದು ಗೀಳು ಕೇಳೋ ಪ್ರಶ್ನೆ, ನಾನು ಉತ್ತರ ಹೇಳಂಗಿಲ್ಲ, ನಿನ್ ಜೊತಿ ಕೂಡ್ತೀನಿ." ಮನೆಮಂದಿಯೆಲ್ಲ ಅದನ್ನೇ ಹೇಳಬೇಕು. ಅಮ್ಮ ಗುಟ್ಟಾಗಿ ಉತ್ತರ ಕೊಟ್ಟರೆ ಉಳಿದವರ ಶ್ರಮ ನೀರುಪಾಲು.

ಸರ್ಟ್ರಲಿನ್, ಫ್ಲುಯೊಕ್ಸೆಟಿನ್‌ನಂಥ ಮಾತ್ರೆ ಖಿನ್ನತೆಗಿಂತ ಇಲ್ಲಿ ಹೆಚ್ಚು ಪ್ರಮಾಣದಲ್ಲಿ ಬೇಕಾಗುವುದುಂಟು. ಸರ್ಟ್ರಲಿನ್ 200 ಮಿಲಿಗ್ರಾಂವರೆಗೂ ಏರಿಸುವುದುಂಟು, ಏರಿಸಬೇಕಾದವರು ವೈದ್ಯರೇ. ಗುಣ ಕಾಣಲು 8–12 ವಾರ. ಮೂರನೇ ವಾರ "ಏನೂ ಫರಕ್ ಇಲ್ಲ" ಅಂತ ಬಿಡುವವರುಂಟು. ಗುಣವಾದ ಮೇಲೂ ವರ್ಷ-ಎರಡು ವರ್ಷ ನಡೆಸಬೇಕು.

ಪ್ರಶ್ನೆ (ರಾಯಚೂರು): ಹುಲಿಗೆಮ್ಮನ ಗುಡ್ಯಾಗ ಕೈ ಮುಗಿಯೋವಾಗ್ಲೇ ದೇವಿಗೆ ಬೈಗುಳ ಮನಸಿಗೆ ಬರ್ತಾವ್ರಿ. ಪಾಪ ಹತ್ತಂಗಿಲ್ಲೇನ್ರಿ?

ಉತ್ತರ: ಯೋಚನೆ ಬಂದದ್ದನ್ನೇ ಬೈದಂತೆ ಎಣಿಸುವುದೂ ಒಸಿಡಿಯಲ್ಲಿ ಕಾಣುವ ತಪ್ಪು ಲೆಕ್ಕವೇ. ನೂಕಿದಷ್ಟೂ ಹೆಚ್ಚುತ್ತದೆ: ಈಗ ಒಂದು ನಿಮಿಷ ಕೆಂಪು ಬಸ್ಸನ್ನು ನೆನೆಯದೆ ಇದ್ದು ನೋಡಿ. ತಪ್ಪುಕಾಣಿಕೆ, ಎರಡೆರಡು ಸಲ ನಮಸ್ಕಾರ ಬೇಡ. ಬೈಗುಳ ಬಂದರೂ ಬರಲಿ, ಪೂಜೆ ಒಂದೇ ಸಲ ಮುಗಿಸಿ ಹೊರಡಿ. ಗುಡಿಗೆ ಹೋಗುವುದನ್ನೇ ಬಿಟ್ಟರೆ ಭಯ ಬೆಳೆಯುತ್ತದೆ. ತೋರಿಸಲು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗವಿದೆ. ಹೊರಡುವ ಮೊದಲು ಮಾತಾಡಬೇಕೆಂದರೆ ಸರ್ಕಾರದ ಮನೋ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲೇ, ಉಚಿತ.