ಬೀದಿದೀಪದ ಕಂಬದ ತಪಾಸಣೆ: ‘ಡೊಂಕು, ಜಂಗು, ಬಿರುಕು’ ಸಾಕೇ?

ಪ್ರಶ್ನೆ: ಕಲಬುರಗಿ ಕಡೆಯ ಬೀದಿದೀಪದ ಕಂಬಗಳನ್ನು ಪರೀಕ್ಷಿಸುವವರಿಗೆ ಕನ್ನಡದಲ್ಲಿ ಒಂದು ನಮೂನೆ ಸಿದ್ಧವಾಗುತ್ತಿದೆ. ದೋಷಕ್ಕೆ ‘ಡೊಂಕು’, ‘ಜಂಗು’ (ತುಕ್ಕು), ‘ಬಿರುಕು’ ಎಂಬ ಮೂರು ಕಾಲಂ ಇಟ್ಟಿದ್ದೇವೆ. ‘ಸಂಕ್ಷಾರಣ’ (ಜಂಗು), ‘ವಿರೂಪತೆ’ (ಡೊಂಕು) ಎಂದು ಬರೆದರೆ ಕೆಲಸದವರು ಆ ಜಾಗ ಖಾಲಿ ಬಿಡುತ್ತಾರೆ. ಈ ಮೂರೇ ಸಾಕೇ? ತಿಳಿದವರು ಹೇಳಬೇಕು.

ಉತ್ತರ: ‘ಸಂಕ್ಷಾರಣ’ ಬಿಟ್ಟಿದ್ದು ಸರಿ ಸರ್. ‘ಜಂಗ್ ಹಿಡದದ’ ಎಂದರೆ ನಮ್ಮಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆದರೆ ‘ಡೊಂಕು’ ಒಂದೇ ಇದ್ದರೆ ಅಪಾಯ. ಅದನ್ನು ಒಡೆದು ‘ವಾಲಿದೆ’, ‘ಬಾಗಿದೆ’ ಎಂದು ಎರಡು ಮಾಡಿ, ಏಕೆಂದರೆ ಎರಡಕ್ಕೂ ರಿಪೇರಿ ಬೇರೆ.

ಕಂಬದ ಮೈ ನೆಟ್ಟಗೇ ಇದ್ದು ಬುಡದಿಂದ ಓರೆಯಾಗಿದ್ದರೆ ವಾಲಿದೆ, ದೋಷ ನೆಲದ್ದು. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಬುಡದ ಸುತ್ತ ಸಂದು ಬೀಳುತ್ತದೆ. ನೆಲದಲ್ಲಿ ಹೂಳುವ ಕಂಬದ ಆರನೇ ಒಂದು ಭಾಗ ಒಳಗಿರಬೇಕು ಎಂಬುದು ರೂಢಿ: 9 ಮೀಟರಿಗೆ 1.5 ಮೀಟರ್. ಪಕ್ಕದಲ್ಲೇ ಚರಂಡಿಗೋ ಪೈಪಿಗೋ ಅಗೆದರೆ ಆ ಹಿಡಿತ ಹೋಗುತ್ತದೆ. ಇಂಥ ಕಂಬವನ್ನು ಎತ್ತಿ ನಿಲ್ಲಿಸಿ ಬುಡ ಗಟ್ಟಿ ಮಾಡಬಹುದು. ಅಳೆಯುವಾಗ ಒಂದು ಎಚ್ಚರ. ಕಂಬ ಮೇಲಕ್ಕೆ ಹೋದಂತೆ ಸಣ್ಣದಾಗುವುದರಿಂದ ಒಂದೇ ಬದಿಗೆ ತೂಗುಗುಂಡು (ದಾರಕ್ಕೆ ಕಟ್ಟಿದ ಗುಂಡು) ಬಿಟ್ಟರೆ ಲೆಕ್ಕ ತಪ್ಪುತ್ತದೆ. ಸಮ ಉದ್ದದ ಕಡ್ಡಿ ಹಿಡಿದು ಎದುರುಬದುರು ಎರಡೂ ಬದಿಗೆ ಬಿಡಿ, ಕೆಳಗೆ ದಾರಕ್ಕೂ ಕಂಬಕ್ಕೂ ಇರುವ ಅಂತರಗಳ ವ್ಯತ್ಯಾಸದ ಅರ್ಧ ತೆಗೆದುಕೊಳ್ಳಿ. 1.5 ಮೀಟರ್ ದಾರಕ್ಕೆ 1.5 ಸೆಂ.ಮೀ. ಬಂದರೆ ನೆಲದ ಮೇಲಿನ 7.5 ಮೀಟರ್ ಎತ್ತರದಲ್ಲಿ 7.5 ಸೆಂ.ಮೀ. ಓರೆ. ಅಡ್ಡ ದಿಕ್ಕಿಗೂ ಹೀಗೆಯೇ ಅಳೆಯಬೇಕು.

ಬುಡ ನೆಟ್ಟಗಿದ್ದು ಮೈ ಸೊಟ್ಟಗಾಗಿದ್ದರೆ ಬಾಗಿದೆ. ಲಾರಿ ತಾಗಿರುತ್ತದೆ, ಇಲ್ಲವೇ ಫ್ಲೆಕ್ಸ್, ಕೇಬಲ್ ಕಟ್ಟಿ ಗಾಳಿಯ ಹೊರೆ ಹೆಚ್ಚಿಸಿರುತ್ತಾರೆ. ಜೊತೆಗೆ ‘ನೆಗ್ಗು’ ಇದೆಯೇ ಎಂದೂ ಬರೆಯಿರಿ: ತೆಳು ಕೊಳವೆ ನೆಗ್ಗಿದ ಜಾಗದಲ್ಲೇ ಮಡಚುತ್ತದೆ. ಎಳೆದು ನೆಟ್ಟಗೆ ಮಾಡುವುದು ರಿಪೇರಿ ಅಲ್ಲ, ಕಂಬ ಬದಲಿಸಬೇಕು.

‘ಜಂಗು’ ಕಾಲಮ್ಮಿಗೆ ‘ಮೇಲ್ಜಂಗು’ ಮತ್ತು ‘ಸವೆತ’ ಎಂಬ ಎರಡು ಮನೆ ಕೊಡಿ. ಮೇಲ್ಜಂಗನ್ನು ಉಜ್ಜಿ ಬಣ್ಣ ಹಚ್ಚಿದರೆ ಮುಗಿಯಿತು. ಹಕ್ಕಳೆ ಎದ್ದು ಉದುರುತ್ತಿದ್ದರೆ ಅದು ಸವೆತ, ಉಕ್ಕೇ ಕಡಿಮೆಯಾಗಿದೆ. 3 ಮಿ.ಮೀ. ಗೋಡೆಯಲ್ಲಿ ಸುತ್ತಲೂ 1 ಮಿ.ಮೀ. ಹೋದರೆ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಹೋದಂತೆ. ನೆಲಕ್ಕೆ ತಾಗುವ ಗೆರೆಯ ಮೇಲೆ ಕೆಳಗೆ ಒಂದೊಂದು ಗೇಣು ಮಣ್ಣು ಸರಿಸಿ ನೋಡಲೇಬೇಕು, ಅಲ್ಲೇ ನೀರು ನಿಲ್ಲುವುದು. ಸುತ್ತಿಗೆಯಿಂದ ತಟ್ಟಿದಾಗ ಠಣ್ ಎನ್ನದೆ ಮಂದ ಸದ್ದು ಬಂದರೆ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ತರಿಸಿ. ಆ ಕಂಬಕ್ಕೆ ಏಣಿ ಒರಗಿಸಬೇಡಿ.

‘ಬಿರುಕು’ ಇರಲಿ, ಆದರೆ ‘ಬಣ್ಣದ್ದೋ ಉಕ್ಕಿನದೋ’ ಎಂದು ಕೇಳಿ. ಬೇಸ್ ಪ್ಲೇಟಿನ (ಹೂಳದೆ ಬೋಲ್ಟ್ ಹಾಕಿ ನಿಲ್ಲಿಸುವ ಕಂಬದ ಬುಡದ ತಟ್ಟೆ) ಬೆಸುಗೆಯ ಅಂಚು, ವೈರಿಂಗ್ ಬಾಗಿಲಿನ ಮೂಲೆ, ಇವೆರಡನ್ನೂ ಬಿಡುವಂತಿಲ್ಲ. ಕೂದಲೆಳೆಯಷ್ಟು ಗೆರೆಯಿಂದ ಜಂಗಿನ ನೀರು ಇಳಿದಿದ್ದರೆ ಸಂಶಯ ಪಡಿ. ಜಾಗ ಉಜ್ಜಿ, ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ) ಬಳಿದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ, ಡೆವಲಪರ್ (ಆ ಬಣ್ಣವನ್ನು ಹೊರಗೆಳೆಯುವ ಬಿಳಿ ಪುಡಿ) ಹೊಡೆದರೆ ಬಿರುಕು ಕೆಂಪಾಗಿ ಮೂಡುತ್ತದೆ. ಸಣ್ಣ ಗಾಳಿಗೆ ಕಂಬ ಸದಾ ನಡುಗುವುದರಿಂದಲೂ ಬೆಸುಗೆ ದಣಿದು ಸೀಳುತ್ತದೆ, ಬಿರುಗಾಳಿಯೇ ಬರಬೇಕೆಂದಿಲ್ಲ.

ಇನ್ನೊಂದು ಉತ್ತರ: ಮೇಲಿನದಕ್ಕೆ ಮೂರು ಮಾತು ಸೇರಿಸುತ್ತೇನೆ. ‘ಕರೆಂಟ್ ಸೋರಿಕೆ’ ಮೊದಲ ಕಾಲಂ ಆಗಿರಲಿ. ಕಂಬ ಮುಟ್ಟುವ ಮೊದಲು ಟೆಸ್ಟರ್ ಇಡಬೇಕು, ಅರ್ಥಿಂಗ್ ತಂತಿ ತುಂಡಾಗಿಲ್ಲ ಎಂದು ನೋಡಬೇಕು. ಬುಡದ ಬೋಲ್ಟಿಗೆ ‘ನಟ್ ಸಡಿಲ’ ಬೇರೆ, ‘ನಟ್ ಇಲ್ಲ’ ಬೇರೆ: ಸಡಿಲವಾದದ್ದು ಅದೇ ದಿನ ಬಿಗಿಯಾಗುತ್ತದೆ, ಇಲ್ಲದ್ದಕ್ಕೆ ಸಾಮಾನು ತರಿಸಬೇಕು. ಸಿಮೆಂಟ್ ಕಂಬಕ್ಕೆ ಬೇರೆ ಹಾಳೆ ಮಾಡಿ. ಅಲ್ಲಿ ಒಳಗಿನ ಸರಳು ಜಂಗು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ; ಅದಕ್ಕೆ ‘ಚಕ್ಕೆ ಎದ್ದಿದೆ, ಸರಳು ಕಾಣುತ್ತದೆ’ ಎಂದು ನೇರವಾಗಿ ಬರೆದರೆ ಸಾಕು.